ಹಾನಗಲ್ ಕಡೆಯ ನಮ್ಮ ಹಂಚಿನ ಮನೆ ಕೇಂದ್ರಕ್ಕೆ ಬೆಂಬಲ ಕೂಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಮಾವಿನತೋಪು (ಸೋಮವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆ, ಹಾನಗಲ್ ತಾಲ್ಲೂಕಿನ ಒಂದು ಸಣ್ಣ ಊರು ನಮ್ಮದು. ಊರಿನ ಹೆಸರು ಸದ್ಯಕ್ಕೆ ಬೇಡ. ನಾಲ್ಕು ವರ್ಷದಿಂದ ನಾವು ಎಂಟು ಜನ ಸೇರಿ ಒಂದು ಹಳೇ ಹಂಚಿನ ಮನೆಯಲ್ಲಿ ಕೇಂದ್ರ ನಡೆಸುತ್ತಿದ್ದೇವೆ. ಅದಕ್ಕೊಂದು ಬೋರ್ಡ್ ಕೂಡ ಇಲ್ಲ. "ಕಾಗದ ಬರೆದು ಕೊಡೋ ಮನೆ" ಅಂದರೆ ಸುತ್ತಲಿನ ನಾಲ್ಕು ಊರಲ್ಲಿ ಯಾರಾದರೂ ದಾರಿ ತೋರಿಸುತ್ತಾರೆ.

ಬೆಳಿಗ್ಗೆ ಪಿಂಚಣಿ, ಪಡಿತರ ಚೀಟಿ, ಪಹಣಿ ತಿದ್ದುಪಡಿ ಅಂತ ಜನ ಬರುತ್ತಾರೆ. ಅರಣ್ಯದ ಅಂಚಿನಲ್ಲಿ ಸಾಗುವಳಿ ಮಾಡುವವರ ಅರ್ಜಿಗಳೂ ಇಲ್ಲೇ ತಯಾರಾಗುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಆದಿವಾಸಿಗಳಲ್ಲದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷದ ವಾಸ ತೋರಿಸಬೇಕು. ಎಪ್ಪತ್ತೈದು ವರ್ಷದ ಕಾಗದ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಹಾಗಾಗಿ ಹಿರಿಯರನ್ನು ಕೂರಿಸಿಕೊಂಡು ಅವರ ಹೇಳಿಕೆ ಬರೆದುಕೊಳ್ಳುತ್ತೇವೆ. ಸಂಜೆ ಮಕ್ಕಳು ಓದಲು ಬರುತ್ತಾರೆ. ಗುರುವಾರ ಹೆಣ್ಣುಮಕ್ಕಳ ಸಭೆ. ಒಳಗಿನ ಕೋಣೆಯಲ್ಲಿ ಬೀಜದ ಗಡಿಗೆಗಳಿವೆ. ಅಂತರಸಾಲಿ ಭತ್ತ, ಮೂರು ಥರ ಅವರೆ, ಜವಾರಿ ಬದನೆ. ಮುಂಗಾರಿಗೆ ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ತಂದುಕೊಡಬೇಕು. ಅಷ್ಟೇ ನಿಯಮ.

ಈ ಸಲದ ಮಳೆಗೆ ಹಿಂದಿನ ಗೋಡೆ ಬಿತ್ತು. ತೊಲೆ ಎರಡು ಗೆದ್ದಲು ತಿಂದಿವೆ. ಗೌಂಡಿ ಮತ್ತು ಬಡಿಗ ಇಬ್ಬರೂ ಬಂದು ನೋಡಿ 2 ಲಕ್ಷ 60 ಸಾವಿರ ಅಂದರು. ನಮ್ಮ ಹತ್ತಿರ ಇರುವುದು 31,400. ಮನೆ ಯಜಮಾನರು ಬಾಡಿಗೆ ಕೇಳುವುದಿಲ್ಲ. ರಿಪೇರಿ ನಾವೇ ಮಾಡಿಸಿಕೊಂಡರೆ ಹತ್ತು ವರ್ಷಕ್ಕೆ ಬರೆದುಕೊಡುತ್ತೇನೆ ಅಂದಿದ್ದಾರೆ.

ಇಂಥ ಕೆಲಸಕ್ಕೆ ದುಡ್ಡು ಹೇಗೆ ಕೂಡಿಸುತ್ತಾರೆ? ನೋಂದಣಿ ಮಾಡಿಸಲೇಬೇಕಾ? ಬರೀ ದುಡ್ಡಲ್ಲ, ಜೊತೆಗೆ ನಿಲ್ಲುವ ಜನವೂ ಬೇಕು. ದಯವಿಟ್ಟು ತಿಳಿದವರು ಹೇಳಿ.

ರಾಣೆಬೆನ್ನೂರು ರೈತ (ಸೋಮವಾರ ರಾತ್ರಿ)

ಒಳ್ಳೇ ಕೆಲಸ ಅಕ್ಕಾ. ಒಂದು ಮಾತು. ಈಗ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಮಾಡಿದ್ದಾರಲ್ಲ. ಕಟ್ಟಡ ಇದೆ, ಕಂಪ್ಯೂಟರ್ ಇದೆ. ಅಲ್ಲೇ ನಡೆಸಿದರೆ ಆಗುವುದಿಲ್ಲವೇ?

ಮಾವಿನತೋಪು

ಮಕ್ಕಳ ಓದು ಅಲ್ಲೂ ನಡೆಯುತ್ತದೆ ಅಣ್ಣಾ, ನಾವೇ ಕಳಿಸುತ್ತೇವೆ. ಆದರೆ ಕೆರೆ ಹೂಳು ತೆಗೆದ ಲೆಕ್ಕ ಕೇಳುವ ಅರ್ಜಿಯನ್ನು ಪಂಚಾಯ್ತಿ ಕಟ್ಟಡದಲ್ಲೇ ಕುಳಿತು ಬರೆಯಲು ಜನರಿಗೆ ಧೈರ್ಯ ಬರುವುದಿಲ್ಲ. ಗಂಡ ಕುಡಿದು ಹೊಡೆದ ಅಂತ ಹೇಳಲು ಬಂದವಳು ಅಲ್ಲಿ ಬಾಯಿ ಬಿಡುವುದಿಲ್ಲ. ಜನ ತಮ್ಮದು ಅಂದುಕೊಳ್ಳುವ ನಾಲ್ಕು ಗೋಡೆ ಬೇಕು. ಅದಕ್ಕೇ ಇಷ್ಟು ಒದ್ದಾಟ.

ಹಳೇ ಧಾರವಾಡ (ಮಂಗಳವಾರ ಬೆಳಿಗ್ಗೆ)

ತಂಗಿ, ಹಾನಗಲ್ ಅಂದ ಕೂಡಲೇ ಬರೆಯದೆ ಇರಲಾಗಲಿಲ್ಲ. ಆಗ ಅದೆಲ್ಲ ಧಾರವಾಡ ಜಿಲ್ಲೆಯೇ. 1987ರ ನವೆಂಬರ್ 14ರಂದು ನಿಮ್ಮ ತಾಲ್ಲೂಕಿನ ಕುಸನೂರಿಗೆ ಬುತ್ತಿ ಕಟ್ಟಿಕೊಂಡು ಹೋದವರಲ್ಲಿ ನಾನೂ ಒಬ್ಬ. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ.

1984ರಲ್ಲಿ ಸರ್ಕಾರ ಒಂದು ಖಾಸಗಿ ಕಾರ್ಖಾನೆಯ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅಂತ ಕಂಪನಿ ಮಾಡಿತು. ಸುಮಾರು 75 ಸಾವಿರ ಎಕರೆ ಗೋಮಾಳ, ಕಾವಲು, ಕುರುಚಲು ಕಾಡು ಆ ಕಂಪನಿಗೆ ಹೋಗಬೇಕಿತ್ತು. ಅಲ್ಲಿ ನೀಲಗಿರಿ ಬೆಳೆದು ಕಾರ್ಖಾನೆಗೆ ಕೊಡುವುದು. ನೀಲಗಿರಿ ಎಲೆಯನ್ನು ದನ ಮೂಸಿಯೂ ನೋಡುವುದಿಲ್ಲ. ಹೊಲವಿಲ್ಲದವರು ಆಡು ಎಲ್ಲಿ ಮೇಯಿಸಬೇಕು? ಸೌದೆಗೆ ಎಲ್ಲಿಗೆ ಹೋಗಬೇಕು? ಧಾರವಾಡದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆ ಎತ್ತಿಕೊಂಡಿತು. ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಆದರೂ ಗಿಡ ನೆಡುವುದು ನಿಲ್ಲಲಿಲ್ಲ. ಆಗಲೇ ಕುಸನೂರಿನಲ್ಲಿ "ಕಿತ್ತಿಕೊ ಹಚ್ಚಿಕೊ" ಸತ್ಯಾಗ್ರಹ. ನೀಲಗಿರಿ ಸಸಿ ಕಿತ್ತು, ಜನರಿಗೆ ಬೇಕಾದ ಗಿಡ ಹಚ್ಚಿದೆವು. ಕೊನೆಗೆ ಸರ್ಕಾರ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಇದನ್ನು ಯಾಕೆ ಹೇಳಿದೆ ಅಂದರೆ, ಕುಸನೂರು ಒಂದು ದಿನದಲ್ಲಿ ಆಗಿದ್ದಲ್ಲ. ಅದಕ್ಕೆ ಮುಂಚೆ ಎಷ್ಟೋ ರಾತ್ರಿ ಯಾರದೋ ಪಡಸಾಲೆಯಲ್ಲಿ ಕಂದೀಲು ಹಚ್ಚಿಕೊಂಡು ಕುಳಿತಿದ್ದೇವೆ. ಸರ್ವೆ ನಂಬರ್ ಬರೆದುಕೊಂಡಿದ್ದೇವೆ. ನಿಮ್ಮ ಹಂಚಿನ ಮನೆ ಆ ಪಡಸಾಲೆಯ ಕೆಲಸವನ್ನೇ ಮಾಡುತ್ತಿದೆ. ನನ್ನಿಂದ 5,000 ರೂಪಾಯಿ. ಹೇಗೆ ಕೊಡಬೇಕು ಹೇಳು.

ಮಾವಿನತೋಪು

ಕಾಕಾ, ಓದಿ ಮೈ ಜುಮ್ಮೆಂದಿತು. ನಮ್ಮ ಅಜ್ಜಿ ಕುಸನೂರಿನ ಮಾತು ಹೇಳುತ್ತಿದ್ದಳು. ಒಂದು ಸಲ ಬಂದು ನಮ್ಮ ಮಕ್ಕಳಿಗೆ ಇದನ್ನೆಲ್ಲ ಹೇಳಿ. ದುಡ್ಡಿನ ಮಾತು ಆಮೇಲೆ.

ಲೆಕ್ಕದ ಪುಸ್ತಕ (ಮಂಗಳವಾರ ಮಧ್ಯಾಹ್ನ)

ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ನೋಂದಣಿ ಬಗ್ಗೆ ಕೇಳಿದ್ದೀರಿ, ಬಿಡಿಸಿ ಹೇಳುತ್ತೇನೆ.

ನೀವು ಎಂಟು ಜನ ಇದ್ದೀರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಲು ಏಳು ಜನ ಸಾಕು. ಟ್ರಸ್ಟ್ ಮಾಡುವುದು ಇನ್ನೂ ಸುಲಭ. ಆದರೆ ನಿಮ್ಮಂಥ ಕೆಲಸಕ್ಕೆ ಸಂಘವೇ ಸರಿ ಅಂತ ನನ್ನ ಅಭಿಪ್ರಾಯ. ಟ್ರಸ್ಟ್‌ನಲ್ಲಿ ನಾಲ್ಕು ಜನ ಕುಳಿತು ಎಲ್ಲ ತೀರ್ಮಾನ ಮಾಡಿಬಿಡಬಹುದು. ಸಂಘದಲ್ಲಿ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಬೇಕು, ಲೆಕ್ಕ ಓದಬೇಕು. ಸದಸ್ಯರು ಎದ್ದು ನಿಂತು ಪ್ರಶ್ನೆ ಕೇಳಬಹುದು. ಅದು ತಲೆನೋವು ಅಂತ ಕೆಲವರು ಹೇಳುತ್ತಾರೆ. ನಾನು ಅದನ್ನೇ ಅದರ ಬಲ ಅನ್ನುತ್ತೇನೆ.

ಬ್ಯಾಂಕ್ ಖಾತೆ ಸಂಘದ ಹೆಸರಲ್ಲೇ ಇರಲಿ. ಒಬ್ಬರ ಸ್ವಂತ ಖಾತೆಗೆ, ಒಬ್ಬರ ಫೋನ್‌ಪೇ ನಂಬರಿಗೆ ದುಡ್ಡು ಹಾಕಿಸಿಕೊಳ್ಳಬೇಡಿ. ನಿಮ್ಮ ಮೇಲೆ ಅನುಮಾನ ಅಂತಲ್ಲ. ನಾಳೆ ಯಾರೋ ಒಬ್ಬ ಬಂದು "ಅಕ್ಕನ ಖಾತೆಗೆ ಎಷ್ಟು ಬಂತು" ಅಂತ ಊರಲ್ಲಿ ಸುಳ್ಳು ಹಬ್ಬಿಸಿದರೆ ಉತ್ತರ ಕೊಡಲು ಕಾಗದ ಇರಬೇಕು. ಹತ್ತು ರೂಪಾಯಿ ಕೊಟ್ಟವರಿಗೂ ರಸೀದಿ ಹರಿದುಕೊಡಿ.

80ಜಿ, ಅಂದರೆ ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ, ಅದರ ಬಗ್ಗೆ ತುಂಬಾ ಜನ ಆಸೆ ಹುಟ್ಟಿಸುತ್ತಾರೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗುವುದಿಲ್ಲ. ಹಳೇ ಪದ್ಧತಿಯಲ್ಲೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಲೆಕ್ಕಕ್ಕೆ ಬರುವುದಿಲ್ಲ. ಐನೂರು, ಸಾವಿರ ಕೊಡುವವರು ವಿನಾಯಿತಿ ನೋಡಿ ಕೊಡುವುದೂ ಇಲ್ಲ. ಮೊದಲ ವರ್ಷ ಅದರ ಹಿಂದೆ ಬೀಳಬೇಡಿ. ಗೋಡೆ ಎಬ್ಬಿಸಿ.

ಸ್ಯಾನ್‌ಹೋಸೆ ಕನ್ನಡಿಗ (ಮಂಗಳವಾರ ರಾತ್ರಿ)

ನನ್ನ ತವರು ಅಕ್ಕಿಆಲೂರು ಕಡೆ. ನಾನು, ನನ್ನ ತಮ್ಮ ಇಬ್ಬರೂ ಇಲ್ಲೇ ಇದ್ದೇವೆ. ಇಬ್ಬರೂ ಸೇರಿ ಒಂದು ಸಾವಿರ ಡಾಲರ್ ಕಳಿಸಬೇಕು ಅಂತಿದ್ದೇವೆ. ಖಾತೆ ನಂಬರ್ ಕೊಡಿ.

ಲೆಕ್ಕದ ಪುಸ್ತಕ

ಸ್ವಲ್ಪ ತಡೆಯಿರಿ ಮೇಡಂ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?

ಸ್ಯಾನ್‌ಹೋಸೆ ಕನ್ನಡಿಗ

ನನ್ನದು ಅಮೆರಿಕದ್ದು, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ತಮ್ಮನದು ಇನ್ನೂ ಭಾರತದ್ದೇ.

ಲೆಕ್ಕದ ಪುಸ್ತಕ

ಹಾಗಾದರೆ ನಿಮ್ಮ ತಮ್ಮ ಕೊಡಬಹುದು, ನೀವು ಕೊಡುವ ಹಾಗಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರು ಹೊರದೇಶದಲ್ಲಿ ದುಡಿದು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟ್ ಪ್ರತಿ ಒಂದನ್ನು ತೆಗೆದಿಟ್ಟುಕೊಂಡರೆ ಸಾಕು. ಓಸಿಐ ಇರುವವರು ಕಾನೂನಿನ ಕಣ್ಣಿಗೆ ವಿದೇಶಿಯರು. ಅವರ ಒಂದು ರೂಪಾಯಿ ಪಡೆಯಲೂ ಸಂಘಕ್ಕೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು. ಅದು ಸಿಗಬೇಕಾದರೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, 15 ಲಕ್ಷ ಖರ್ಚು ಮಾಡಿರಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಹಾನಗಲ್‌ನ ಒಂದು ಹಂಚಿನ ಮನೆಗೆ ಇದೆಲ್ಲ ಆಗದ ಮಾತು. ತಮ್ಮನ ಕೈಲಿ ನಿಮ್ಮ ಪಾಲು ಸೇರಿಸಿ ಕಳಿಸುವುದೂ ಬೇಡ. ತೊಂದರೆ ಆದರೆ ಅನುಭವಿಸುವವರು ಊರಿನವರು.

ಸ್ಯಾನ್‌ಹೋಸೆ ಕನ್ನಡಿಗ

ಬೇಜಾರಾಯಿತು, ಆದರೆ ಅರ್ಥವಾಯಿತು. ತಮ್ಮ ತನ್ನ ಪಾಲು ಕಳಿಸುತ್ತಾನೆ. ನಾನು ಶನಿವಾರ ಎರಡು ಗಂಟೆ ಬಿಡುವು ಮಾಡಿಕೊಳ್ಳಬಲ್ಲೆ. ಹಿರಿಯರ ಹೇಳಿಕೆಗಳನ್ನು ರೆಕಾರ್ಡ್ ಮಾಡಿ ಕಳಿಸಿದರೆ ಕೂತು ಬರೆದುಕೊಡುತ್ತೇನೆ. ಆ ಕಡೆಯ ಮಾತು ನನಗೆ ಚೆನ್ನಾಗಿ ತಿಳಿಯುತ್ತದೆ.

ಕೇರಿ ಮಗಳು (ಬುಧವಾರ ಬೆಳಿಗ್ಗೆ)

ಅಕ್ಕಾ, ನಾನು ಬೇರೆ ತಾಲ್ಲೂಕಿನ ಆಶಾ ಕಾರ್ಯಕರ್ತೆ. ಎಲ್ಲ ಓದಿದೆ. ನಿಮ್ಮ ಕೆಲಸದ ಮೇಲೆ ಗೌರವ ಇದೆ. ಆದರೆ ದುಡ್ಡಿನ ಲೆಕ್ಕಕ್ಕಿಂತ ಮುಂಚೆ ಎರಡು ಪ್ರಶ್ನೆ ಕೇಳಬೇಕು. ನಿಮ್ಮ ಹಂಚಿನ ಮನೆ ಯಾವ ಓಣಿಯಲ್ಲಿದೆ? ಕೀಲಿಕೈ ಯಾರ ಹತ್ತಿರ ಇದೆ?

ಯಾಕೆ ಕೇಳುತ್ತೇನೆ ಅಂದರೆ, ನಮ್ಮ ಕಡೆ ಒಂದು ಕೇಂದ್ರ ಇತ್ತು. ನೀರು, ಕಾಡು, ಸಮಾನತೆ ಅಂತ ಒಳ್ಳೇ ಮಾತಾಡುವ ಜನ. ಮನಸ್ಸೂ ಒಳ್ಳೆಯದೇ. ಮನೆ ಇದ್ದದ್ದು ಊರ ನಡುವಿನ ದೊಡ್ಡ ಓಣಿಯಲ್ಲಿ. ನಮ್ಮ ಹೆಣ್ಣುಮಕ್ಕಳು ಸಭೆಗೆ ಹೋದರೆ ಅಂಗಳದಲ್ಲೇ ನಿಲ್ಲುತ್ತಿದ್ದರು. ಒಳಗೆ ಬನ್ನಿ ಅಂತ ಅವರು ಕರೆಯುತ್ತಿದ್ದರು, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಓಣಿಯಲ್ಲಿ ಬೆಳಿಗ್ಗೆ ಯಾರ ಮನೆಯ ಸಗಣಿ ಬಾಚಿ ಬಂದಿದ್ದಾರೋ, ಆ ಮನೆಯವರು ಎದುರಿನ ಕಟ್ಟೆಯಲ್ಲಿ ಕುಳಿತು ನೋಡುತ್ತಿದ್ದರೆ ಕಾಲು ಮುಂದೆ ಹೋಗುತ್ತದೆಯೇ? ಚಹಾ ಕೊಡುವಾಗ ನಮಗೆ ಮಾತ್ರ ಕಾಗದದ ಲೋಟ. ಬೇಕಂತ ಮಾಡಿದ್ದಲ್ಲ ಅಂತ ಆಮೇಲೆ ಹೇಳಿದರು, "ಸ್ಟೀಲ್ ಲೋಟ ಕಡಿಮೆ ಇದ್ದವು" ಅಂತ. ಕಡಿಮೆ ಬೀಳುವುದು ಯಾವಾಗಲೂ ನಮ್ಮ ಸರದಿಗೇ ಯಾಕೆ ಬರಬೇಕು?

ಎರಡು ವರ್ಷದಲ್ಲಿ ನಮ್ಮವರು ಹೋಗುವುದು ಬಿಟ್ಟರು. ಮನೆಗೆ ಬಣ್ಣ ಆಯಿತು, ಫ್ಯಾನ್ ಬಂತು, ಸೋಲಾರ್ ಬಂತು. ಜನ ಬರಲಿಲ್ಲ.

ಕ್ರಷರ್ ಧೂಳು, ಕಾರ್ಖಾನೆ ನೀರು, ಕಸದ ಗುಂಡಿ, ಇವೆಲ್ಲ ಮೊದಲು ಬಂದು ಬೀಳುವುದು ಕೇರಿಯ ಪಕ್ಕದಲ್ಲೇ. ಗೋಮಾಳ ಹೋದರೆ ಮೊದಲು ಉಪವಾಸ ಬೀಳುವವರು ಹೊಲ ಇಲ್ಲದವರೇ. ಹಾಗಿದ್ದಮೇಲೆ ಆ ಮನೆಯ ಬಾಗಿಲು ತೆಗೆಯುವವರು ಅವರಾಗಿರಬೇಕಲ್ವಾ?

ಮಾವಿನತೋಪು (ಬುಧವಾರ ರಾತ್ರಿ)

ಬೆಳಿಗ್ಗೆಯಿಂದ ಇದಕ್ಕೆ ಏನು ಬರೆಯಬೇಕು ಅಂತ ಯೋಚಿಸುತ್ತಾ ಇದ್ದೆ.

ತಂಗಿ, ಮನೆ ಇರುವುದು ಗೌಡರ ಓಣಿಯ ತುದಿಯಲ್ಲಿ. ಕೀಲಿಕೈ ಒಂದೇ ಇದೆ, ನಮ್ಮ ಮನೆಯಲ್ಲೇ ಇರುತ್ತದೆ. ಎಂಟು ಜನರಲ್ಲಿ ಕೇರಿಯವರು ಒಬ್ಬರೇ, ಅವರು ಶಾಲೆಯ ಮಾಸ್ತರು. ಗುರುವಾರದ ಸಭೆಗೆ ಕೇರಿಯಿಂದ ಹೆಣ್ಣುಮಕ್ಕಳು ಬರುತ್ತಾರೆ, ಆದರೆ ನೀವು ಹೇಳಿದ ಮೇಲೆ ನೆನಪಿಸಿಕೊಂಡೆ. ಅವರು ಕುಳಿತುಕೊಳ್ಳುವುದು ಬಾಗಿಲ ಬಳಿ. ಬೇಗ ಎದ್ದು ಹೋಗುತ್ತಾರೆ. ಮನೆಗೆಲಸ ಇರುತ್ತದೆ ಅಂದುಕೊಂಡಿದ್ದೆ. ನಾಲ್ಕು ವರ್ಷ ಒಂದು ಸಲವೂ ಕೇಳಲಿಲ್ಲ. ನನ್ನದು ತಪ್ಪು. ನಾಳೆ ಗುರುವಾರ. ನಾಳೆಯೇ ಕೇಳುತ್ತೇನೆ.

ಶಿರಸಿ ಬೆಟ್ಟ (ಗುರುವಾರ ಬೆಳಿಗ್ಗೆ)

ಕೇರಿ ಮಗಳು ಅವರ ಮಾತು ನಮ್ಮ ಕಡೆಗೂ ಅನ್ವಯಿಸುತ್ತದೆ. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದು ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಹಾಗೆ. ಅದರ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಆದರೆ ಬೆಟ್ಟ, ಕಾನು ಅಂತ ಮಾತು ಬಂದಾಗ ಅಡಿಕೆ ತೋಟ ಇದ್ದವರ ದನಿಯೇ ಜಾಸ್ತಿ ಕೇಳುತ್ತದೆ. ಸೌದೆ ಹೊರುವವರ ದನಿ ಕಡಿಮೆ.

ದುಡ್ಡಿನ ವಿಷಯಕ್ಕೆ ಒಂದು ಸಲಹೆ. ಅಪ್ಪಿಕೋ ಕಾಲದಲ್ಲಿ ವಿಷಯ ಹಬ್ಬಿದ್ದು ಪಾದಯಾತ್ರೆ, ಬೀದಿ ನಾಟಕ, ಯಕ್ಷಗಾನದಿಂದ. ನಿಮ್ಮ ಕಡೆ ದೊಡ್ಡಾಟ ಇದೆ, ಡೊಳ್ಳು ಇದೆ, ಭಜನಾ ಮೇಳ ಇದೆ. ಸುಗ್ಗಿ ಆದಮೇಲೆ ಒಂದು ರಾತ್ರಿ ಆಟ ಇಟ್ಟು ಜೋಳಿಗೆ ಹಿಡಿಯಿರಿ. ಕಣದ ಹೊತ್ತಿಗೆ ಕಾಳು ಕೊಡಲು ರೈತರು ಹಿಂದೆ ಮುಂದೆ ನೋಡುವುದಿಲ್ಲ. ಅದೇ ಆಷಾಢದಲ್ಲಿ ಕೇಳಿದರೆ ಅವರ ಮನೆಯಲ್ಲೇ ಇರುವುದಿಲ್ಲ.

ಇನ್ನೊಂದು, ಹಿಡಿ ಅಕ್ಕಿ. ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಗಡಿಗೆಗೆ. ಹಿಡಿ ಅಂದರೆ 40 ಗ್ರಾಂ ಹಿಡಿಯೋಣ. ತಿಂಗಳಿಗೆ ಒಂದು ಮನೆಯಿಂದ 1 ಕೆಜಿ 200 ಗ್ರಾಂ. 140 ಮನೆ ಆದರೆ 168 ಕೆಜಿ. ಕೆಜಿಗೆ 40 ರೂಪಾಯಿ ಅಂದರೂ 6,720 ರೂಪಾಯಿ. ವರ್ಷಕ್ಕೆ 80 ಸಾವಿರ ದಾಟುತ್ತದೆ. ದಿನಗೂಲಿಯವರ ಮನೆಗೆ ಇದು ಕಡ್ಡಾಯ ಆಗಬಾರದು. ವಾರಕ್ಕೊಂದು ಹಿಡಿಯಾದರೂ ಸರಿ, ಇಲ್ಲದಿದ್ದರೂ ಸರಿ.

ಕೇರಿ ಮಗಳು

ಅಣ್ಣಾರೆ, ಹಿಡಿ ಅಕ್ಕಿ ಒಳ್ಳೆಯದು. ಒಂದೇ ಮಾತು. ಎಲ್ಲರ ಮನೆ ಅಕ್ಕಿಯೂ ಒಂದೇ ಗಡಿಗೆಗೆ ಬೀಳಬೇಕು. ಕೇರಿಯ ಅಕ್ಕಿಗೆ ಬೇರೆ ಚೀಲ ಬಂದರೆ ಅವತ್ತೇ ನಿಲ್ಲಿಸಿಬಿಡಿ.

ಮಾವಿನತೋಪು (ಶುಕ್ರವಾರ ಬೆಳಿಗ್ಗೆ)

ನಿನ್ನೆ ಸಭೆಯಲ್ಲಿ ಕೇಳಿದೆ. ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯಳು ಹೇಳಿದಳು, "ಅಂಬೇಡ್ಕರ್ ಭವನದ ಕಟ್ಟೆ ಮೇಲೆ ಕೂತರೆ ನಾವೂ ಸರಿಯಾಗಿ ಕೂರುತ್ತೇವೆ" ಅಂತ. ಬರುವ ವಾರದಿಂದ ಗುರುವಾರದ ಸಭೆ ಅಲ್ಲೇ. ಗೌಡರ ಓಣಿಯ ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಾರೋ ಇಲ್ಲವೋ ನೋಡಬೇಕು. ಬರುತ್ತಾರೆ ಅಂತ ನಂಬಿದ್ದೇನೆ.

ಈಗ ಇನ್ನೊಂದು ವಿಷಯ ಹೇಳಿಕೊಳ್ಳಬೇಕು. ಊರ ಹೆಸರು ಬೇಡ ಅಂದದ್ದು ಇದಕ್ಕೇ. ಶಾಲೆಯಿಂದ ಸ್ವಲ್ಪವೇ ದೂರದಲ್ಲಿ ಒಂದು ಜಲ್ಲಿ ಕ್ರಷರ್ ಇದೆ. ಧೂಳು ಬಂದು ಮಕ್ಕಳ ಊಟದ ತಟ್ಟೆ ಮೇಲೆ ಕೂರುತ್ತದೆ. 2011ರ ಕ್ರಷರ್ ನಿಯಂತ್ರಣ ಕಾಯ್ದೆಯಲ್ಲಿ ಕ್ರಷರ್‌ಗೆ ಸುರಕ್ಷಿತ ವಲಯ ಅಂತ ಜಾಗ ಗುರುತಿಸಿ ಪರವಾನಗಿ ಕೊಡಬೇಕು. ಆ ಪರವಾನಗಿ ಪ್ರತಿ ಕೊಡಿ ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇವೆ. 30 ದಿನ ಕಳೆದರೂ ಉತ್ತರ ಇಲ್ಲ, ಮೇಲ್ಮನವಿ ಹಾಕಿದ್ದೇವೆ. ಮೊನ್ನೆ ಕ್ರಷರ್ ಯಜಮಾನರು ಮನೆಗೇ ಬಂದಿದ್ದರು. ಹಣ್ಣು ತಂದಿದ್ದರು. "ಗೋಡೆ ಬಿದ್ದಿದೆಯಂತೆ, ಪೂರಾ 2 ಲಕ್ಷ 60 ಸಾವಿರ ನಾನೇ ಕೊಡುತ್ತೇನೆ, ಜಲ್ಲಿ ಮರಳು ಕೂಡ ನಮ್ಮದೇ" ಅಂದರು. ಅರ್ಜಿಯ ಮಾತೇ ಎತ್ತಲಿಲ್ಲ.

ನಮ್ಮ ಎಂಟು ಜನರಲ್ಲಿ ಮೂವರು ತೆಗೆದುಕೊಳ್ಳೋಣ ಅನ್ನುತ್ತಿದ್ದಾರೆ. ನೀವು ಏನಂತೀರಿ?

ರಾಣೆಬೆನ್ನೂರು ರೈತ

ತೆಗೆದುಕೊಳ್ಳಿ ಅಂತಲೇ ನನ್ನ ಮಾತು. ಸಿಟ್ಟು ಮಾಡಬೇಡಿ. ಮಳೆ ನಿಂತಿಲ್ಲ, ಇನ್ನೊಂದು ಗೋಡೆ ಬಿದ್ದರೆ ಬೀಜವೂ ಹೋಗುತ್ತದೆ, ಕಾಗದವೂ ಹೋಗುತ್ತದೆ. ಅವರು ನಮ್ಮ ಗುಡ್ಡದ ಕಲ್ಲು ಒಡೆದೇ ದುಡ್ಡು ಮಾಡಿದ್ದು. ಅದರಲ್ಲಿ ಸ್ವಲ್ಪ ಊರಿಗೆ ವಾಪಸ್ ಬಂದರೆ ತಪ್ಪೇನು? ಅರ್ಜಿ ಅದರ ಪಾಡಿಗೆ ಅದು ನಡೆಯಲಿ. ನಮ್ಮೂರ ಶಾಲೆಗೆ ಇಂಥವರೇ ಶೌಚಾಲಯ ಕಟ್ಟಿಸಿದರು. ಹೆಣ್ಣುಮಕ್ಕಳಿಗೆ ಅನುಕೂಲ ಆಯಿತು.

ಹಳೇ ಧಾರವಾಡ

ತಮ್ಮಾ, ಶಾಲೆ ಬೇರೆ, ಇದು ಬೇರೆ. ಶಾಲೆ ಕ್ರಷರ್ ಮೇಲೆ ಅರ್ಜಿ ಹಾಕಿರಲಿಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಅಂತ ನಮ್ಮ ಜನ ನಂಬುತ್ತಾರೆ. ಅವರು ಕೊಟ್ಟ ತೊಲೆಯ ಕೆಳಗೆ ಕುಳಿತು ಅವರ ಮೇಲೆ ಮೇಲ್ಮನವಿ ಬರೆಯಲು ಯಾರ ಕೈ ಓಡುತ್ತದೆ?

ಬೆಂಗಳೂರು ಬಸ್ (ಶುಕ್ರವಾರ ಸಂಜೆ)

ನಾನು ಇಲ್ಲಿ ಕಸ ಆಯುವವರ ಜೊತೆ ಕೆಲಸ ಮಾಡುವ ಒಂದು ಸಣ್ಣ ಗುಂಪಿನಲ್ಲಿದ್ದೇನೆ. ನಮ್ಮ ಅನುಭವ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮಾವಳ್ಳಿಪುರ, ಮಂಡೂರಿನ ಜನ ನಮ್ಮ ನಗರದ ಕಸದ ವಿರುದ್ಧ ಬೀದಿಗಿಳಿದ ಮೇಲೆಯೇ ಬೆಂಗಳೂರಿಗೆ ಹಸಿ ಕಸ, ಒಣ ಕಸ ಬೇರೆ ಮಾಡುವ ಬುದ್ಧಿ ಬಂದದ್ದು. 2011ರಲ್ಲಿ ಪಾಲಿಕೆ ಕಸ ಆಯುವವರಿಗೆ ಗುರುತಿನ ಚೀಟಿ ಕೊಡಲು ಶುರು ಮಾಡಿತು. ಅದಾದ ಮೇಲೆ ವಾರ್ಡ್‌ಗಳಲ್ಲಿ ಒಣ ಕಸ ಕೇಂದ್ರಗಳು ಬಂದವು. 2016ರ ಘನತ್ಯಾಜ್ಯ ನಿಯಮಗಳಲ್ಲಿ ಕಸ ಆಯುವವರ ಹೆಸರು ಬಂತು. ಅಲ್ಲಿಯವರೆಗೆ ಅವರನ್ನು ಪೊಲೀಸರು ಕಳ್ಳರ ಹಾಗೆ ನೋಡುತ್ತಿದ್ದರು.

ನಮ್ಮ ಕೋಣೆಗೆ ಒಂದು ಕಂಪನಿ ತಗಡಿನ ಚಾವಣಿ ಹಾಕಿಸಿಕೊಟ್ಟಿತು. ಸಂತೋಷದಿಂದ ತೆಗೆದುಕೊಂಡೆವು. ಬಾಗಿಲಿಗಿಂತ ದೊಡ್ಡ ಬೋರ್ಡ್ ಬಂತು. ಪರವಾಗಿಲ್ಲ ಅಂದುಕೊಂಡೆವು. ಒಂದು ದಿನ ನಮ್ಮ ಅಕ್ಕಂದಿರು ಯಾವ ಕಸ ಗುಜರಿಯಲ್ಲಿ ಮಾರಾಟ ಆಗುವುದಿಲ್ಲ ಅಂತ ಲೆಕ್ಕ ಹಾಕಿದರು. ರಟ್ಟು ಹೋಗುತ್ತದೆ, ಬಾಟಲಿ ಹೋಗುತ್ತದೆ, ಹಾಲಿನ ಕವರ್ ಹೋಗುತ್ತದೆ. ಹೊಳೆಯುವ ಚಿಕ್ಕ ಪೊಟ್ಟಣ ಯಾರಿಗೂ ಬೇಡ. ರಾಶಿ ಬಿದ್ದದ್ದರಲ್ಲಿ ಜಾಸ್ತಿ ಅದೇ ಕಂಪನಿಯದು. ಅದನ್ನು ಒಂದು ಸಭೆಯಲ್ಲಿ ಹೇಳುತ್ತೇವೆ ಅಂದಾಗ ನಮ್ಮವರೇ ಒಬ್ಬರು "ಈಗ ಬೇಡ, ಮುಂದಿನ ವರ್ಷದ ದುಡ್ಡು ಬಾಕಿ ಇದೆ" ಅಂದರು. ಕಂಪನಿ ಏನೂ ಹೇಳಿರಲಿಲ್ಲ. ನಾವೇ ನಮ್ಮ ಬಾಯಿ ಮುಚ್ಚಿಕೊಂಡೆವು. ಅವತ್ತಿನ ಅಕ್ಕಂದಿರ ಮುಖ ಇನ್ನೂ ಕಣ್ಣ ಮುಂದೆ ಇದೆ.

ಹಾಗಾಗಿ ಬೇಡ ಅಂತ ನನ್ನ ಅಭಿಪ್ರಾಯ. ಯಾರ ಮೇಲೆ ಪ್ರಶ್ನೆ ಬಾಕಿ ಇದೆಯೋ ಅವರಿಂದ ಒಂದು ಗೂಟವನ್ನೂ ತೆಗೆದುಕೊಳ್ಳಬೇಡಿ.

ಇನ್ನೊಂದು ಮಾತು. ಮಿಲಾಪ್, ಕೆಟ್ಟೋ ಅಂಥ ಆನ್‌ಲೈನ್ ಚಂದಾ ತಾಣಗಳಲ್ಲಿ ಹಣ ಕೇಳುವ ಯೋಚನೆ ಇದ್ದರೆ ಹಾಕಿ, ಕೆಲಸ ಮಾಡುತ್ತದೆ. ಆದರೆ ಅಳುವ ಅಜ್ಜಿಯ ಫೋಟೊ, ಹರಿದ ಅಂಗಿಯ ಮಗುವಿನ ಫೋಟೊ ಹಾಕಬೇಡಿ. ಹಾಗೆ ಹಾಕಿದರೆ ದುಡ್ಡು ಬೇಗ ಬರುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಪಿಂಚಣಿ ಕೇಳಲು ಬಂದವರು ತಮ್ಮ ಹಕ್ಕು ಕೇಳಲು ಬಂದವರು. ಅವರ ಮುಖ ನಮ್ಮ ಚಂದಾ ಪುಸ್ತಕ ಅಲ್ಲ. ಬಿದ್ದ ಗೋಡೆಯ ಫೋಟೊ ಹಾಕಿ, ಬೀಜದ ಗಡಿಗೆಯ ಫೋಟೊ ಹಾಕಿ. ಗೌಂಡಿ ಕೊಟ್ಟ ಅಂದಾಜು ಚೀಟಿಯನ್ನೂ ಹಾಕಿ. ಇಷ್ಟು ಇಟ್ಟಿಗೆ, ಇಷ್ಟು ಹಂಚು, ಇಷ್ಟು ಕೂಲಿ ಅಂತ ಬಿಡಿಸಿ ಬರೆದರೆ ಜನ ನಂಬುತ್ತಾರೆ.

ಲೆಕ್ಕದ ಪುಸ್ತಕ

ಕ್ರಷರ್ ಹಣದ ಬಗ್ಗೆ ನಾನೂ ಬೇಡ ಅನ್ನುತ್ತೇನೆ. ನಾಳೆ ನಿಮ್ಮ ಮೇಲ್ಮನವಿ ತಿರಸ್ಕಾರ ಆದರೆ "ದುಡ್ಡು ತಿಂದು ಸುಮ್ಮನಾದರು" ಅನ್ನುತ್ತಾರೆ. ನಿಮ್ಮ ಪರ ಆದರೆ "ಜಾಸ್ತಿ ಸಿಗಲಿಲ್ಲ ಅಂತ ಮಾಡಿದರು" ಅನ್ನುತ್ತಾರೆ. ಬೇಡ ಅನ್ನುವುದನ್ನು ಬಾಯಿ ಮಾತಿನಲ್ಲಿ ಹೇಳಬೇಡಿ, ಸಭೆ ಸೇರಿ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ಒಬ್ಬರ ಮೇಲೆ ಸಿಟ್ಟು ಬೀಳುವುದಿಲ್ಲ.

ಮಾಹಿತಿ ಹಕ್ಕಿನ ಅರ್ಜಿ ಬಗ್ಗೆಯೂ ಒಂದು ನೆನಪು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಮೇಲ್ಮನವಿಯಲ್ಲಿ ಆ ಕಾರಣ ಕೊಟ್ಟು ತಳ್ಳಿಹಾಕದ ಹಾಗೆ ನೋಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದವರ ಹೆಸರಲ್ಲಿ ಹಾಕಿದರೆ 10 ರೂಪಾಯಿ ಶುಲ್ಕವೂ ಇಲ್ಲ. ಆದರೆ ಬಡವರನ್ನು ಮುಂದೆ ಮಾಡಿ ನಾವು ಹಿಂದೆ ನಿಲ್ಲುವುದು ಸರಿಯಲ್ಲ, ಅದನ್ನೂ ಯೋಚಿಸಿ.

ರಾಣೆಬೆನ್ನೂರು ರೈತ

ಬೆಂಗಳೂರಿನವರ ಮಾತು ಓದಿದ ಮೇಲೆ ನನ್ನ ಮಾತು ಹಿಂದೆ ತೆಗೆದುಕೊಳ್ಳುತ್ತೇನೆ. ದುಡ್ಡು ಬೇಡ ಅಂದಮೇಲೆ ಆಳು ಬೇಕಲ್ಲ. ನಾವು ನಾಲ್ಕು ಜನ ಗೆಳೆಯರು ಟ್ರ್ಯಾಕ್ಟರ್ ತಗೊಂಡು ಬರುತ್ತೇವೆ. ಬಿದ್ದ ಗೋಡೆ ಮಣ್ಣು ತೆಗೆಯುವುದು, ಕಲ್ಲು ಹೊರುವುದು ನಮ್ಮ ಪಾಲು. ಮುಯ್ಯಿ ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಹೊಳೆ ನೀರಿನ ಅರ್ಜಿ ಬರೆಯುವಾಗ ನೀವು ಬನ್ನಿ.

ಮಾವಿನತೋಪು (ಐದು ವಾರದ ನಂತರ, ಭಾನುವಾರ)

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಏನೇನಾಯಿತು ಹೇಳುತ್ತೇನೆ.

ಕ್ರಷರ್ ದುಡ್ಡು ಬೇಡ ಅಂತ ನಡಾವಳಿ ಬರೆದೆವು. ಎಂಟು ಜನರಲ್ಲಿ ಒಬ್ಬರು ಸಹಿ ಹಾಕದೆ ಎದ್ದು ಹೋದರು. ನಾಲ್ಕು ವರ್ಷ ಜೊತೆಗಿದ್ದವರು. ಸಂಕಟ ಆಯಿತು. ಬೀದಿಯಲ್ಲಿ ಸಿಕ್ಕರೆ ಇನ್ನೂ ಮಾತಾಡುತ್ತಾರೆ, ಅಷ್ಟು ಸಮಾಧಾನ.

ಸಂಘದ ನೋಂದಣಿಗೆ ಹನ್ನೊಂದು ಜನರ ಸಹಿ ಆಗಿದೆ. ಅದರಲ್ಲಿ ಐವರು ಕೇರಿಯವರು. ಖಜಾಂಚಿ ಅದೇ ಹಿರಿಯಳ ಸೊಸೆ, ಪಿಯುಸಿ ಓದಿದ್ದಾಳೆ, ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಹಾನಗಲ್‌ಗೆ ಹೋಗಿ ಇನ್ನೂ ಎರಡು ಕೀಲಿಕೈ ಮಾಡಿಸಿಕೊಂಡು ಬಂದೆವು. ಒಂದು ಅವಳ ಹತ್ತಿರ, ಒಂದು ಮಾಸ್ತರ ಹತ್ತಿರ.

ಗುರುವಾರದ ಸಭೆ ಅಂಬೇಡ್ಕರ್ ಭವನದ ಕಟ್ಟೆ ಮೇಲೆ ನಡೆಯುತ್ತಿದೆ. ಮೊದಲ ವಾರ ನಮ್ಮ ಓಣಿಯಿಂದ ನಾನು ಮತ್ತು ನಮ್ಮ ಅತ್ತಿಗೆ ಇಬ್ಬರೇ. ಕಳೆದ ವಾರ ಆರು ಜನ. ಚಹಾ ಎಲ್ಲರಿಗೂ ಒಂದೇ ಥರದ ಲೋಟದಲ್ಲಿ, ಕೇರಿಯ ಮನೆಯಲ್ಲೇ ಕಾಯಿಸಿದ್ದು. ಒಬ್ಬರು ಕುಡಿಯಲಿಲ್ಲ. ಐವರು ಕುಡಿದರು.

ದುಡ್ಡು ಇಲ್ಲಿಯವರೆಗೆ 1 ಲಕ್ಷ 18 ಸಾವಿರ ಆಗಿದೆ. ಕಾಕಾ ಅವರದ್ದು, ಸ್ಯಾನ್‌ಹೋಸೆ ತಮ್ಮನದ್ದು, ಮಿಲಾಪ್‌ನಲ್ಲಿ ಬಂದದ್ದು ಎಲ್ಲ ಸೇರಿ. ಹಿಡಿ ಅಕ್ಕಿ 92 ಮನೆಯಿಂದ ಬರುತ್ತಿದೆ, ಒಂದೇ ಗಡಿಗೆ. ರಾಣೆಬೆನ್ನೂರಿನ ಅಣ್ಣಂದಿರು ಎರಡು ದಿನ ಇದ್ದು ಮಣ್ಣೆಲ್ಲ ತೆಗೆದುಕೊಟ್ಟರು. ಹಿಂದಿನ ಗೋಡೆ ಎದೆ ಮಟ್ಟಕ್ಕೆ ಬಂದಿದೆ. ಮೇಲ್ಮನವಿ ವಿಚಾರಣೆ ಮುಂದಿನ ತಿಂಗಳು.

ಕೇರಿ ಮಗಳು

ಓದಿ ಸಂತೋಷವಾಯಿತು ಅಕ್ಕಾ. ಆ ಒಬ್ಬರು ಚಹಾ ಕುಡಿದ ದಿನ ಬರೆಯಿರಿ. ಖಜಾಂಚಿ ತಂಗಿಗೆ ನನ್ನ ನಂಬರ್ ಕೊಡಿ, ಮೊದಮೊದಲು ದೊಡ್ಡವರ ಎದುರು ಲೆಕ್ಕ ಓದುವಾಗ ದನಿ ನಡುಗುತ್ತದೆ. ನನಗೂ ನಡುಗಿತ್ತು.

ಹಳೇ ಧಾರವಾಡ

ಬರುವ ಭಾನುವಾರ ಬಸ್ಸು ಹತ್ತುತ್ತೇನೆ ತಂಗಿ. ಮಕ್ಕಳನ್ನು ಕರೆದಿಡು. ಹೊಂಗೆ, ಹಲಸು, ನೆಲ್ಲಿ ಸಸಿ ತರುತ್ತೇನೆ. ಗೋಡೆ ಪಕ್ಕ ಜಾಗ ಇದೆಯಲ್ಲ?

ಮಾವಿನತೋಪು

ಜಾಗ ಇದೆ ಕಾಕಾ. ಬನ್ನಿ, ರೊಟ್ಟಿ ಊಟ ಇಲ್ಲೇ.

ಎಲ್ಲರಿಗೂ ಒಂದು ವಿನಂತಿ. ಈಗ ತುರ್ತಾಗಿ ಬೇಕಿರುವುದು ತೊಲೆ. ಹೊಸದು ಕೊಂಡರೆ ಕೂಡಿದ ದುಡ್ಡು ಅದಕ್ಕೇ ಮುಗಿಯುತ್ತದೆ. ಹಾನಗಲ್, ಶಿಗ್ಗಾವಿ, ಬ್ಯಾಡಗಿ ಕಡೆ ಯಾರಾದರೂ ಹಳೇ ಮನೆ ಬಿಚ್ಚುತ್ತಿದ್ದರೆ ತಿಳಿಸಿ. ಹನ್ನೆರಡು ಅಡಿ ಉದ್ದದ ಎರಡು ಬೇಕು. ಸಾಗವಾನಿಯೇ ಆಗಬೇಕಂತಿಲ್ಲ, ಮತ್ತಿ ಆದರೂ ನಡೆಯುತ್ತದೆ. ಗಾಡಿ ನಾವೇ ತರುತ್ತೇವೆ.